ಬಾಯಿಪರೀಕ್ಷೆಯ ವರ್ಷ

ಬರೆಯುವುದರಲ್ಲಿ ನಾನು ಮೊದಲಿನಿಂದಲೂ ಹಿಂದೆ. ಕೇಳಿದ ಪಾಠ ಕೇಳಿದ ಹಾಗೆಯೇ ತಲೆಯಲ್ಲಿ ಉಳಿಯುತ್ತಿತ್ತು. ಹಾಳೆಯ ಮುಂದೆ ಕೂತರೆ ಮಾತ್ರ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಅರ್ಧ ಪ್ರಶ್ನೆಪತ್ರಿಕೆ ಮುಗಿಯುವ ಮೊದಲೇ ಗಂಟೆ ಹೊಡೆದುಬಿಡುತ್ತಿತ್ತು.

ಅಜ್ಜಂಪುರದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಇದಕ್ಕೆ ತದ್ವಿರುದ್ಧ. ಈರುಳ್ಳಿ ಮಂಡಿಯವರ ಮಗಳು. ಬರೆಯಲು ಕೂತರೆ ತಲೆ ಎತ್ತುತ್ತಿರಲಿಲ್ಲ, ಪ್ರತಿ ಪರೀಕ್ಷೆಯಲ್ಲೂ ಅವಳೇ ಮೊದಲು. ಅವಳಿಗೆ ಉಗ್ಗಿತ್ತು. ಆದರೆ ಉಗ್ಗಿದೆಯೆಂದು ಅವಳು ಮಾತು ಕಡಿಮೆ ಮಾಡಿದವಳಲ್ಲ. ಬೆಂಚಿನಲ್ಲಿ ಕೂತು ಮೇಷ್ಟ್ರುಗಳ ಅಣಕ ಮಾಡಿ ನಮ್ಮ ಹೊಟ್ಟೆ ಹುಣ್ಣಾಗಿಸುತ್ತಿದ್ದಳು. "ನಾ... ನಾನೂ ಮೇಡಂ ಆಗ್ತೀನಿ ಕಣೇ. ಆಗ ಯಾವನು ನಗ್ತಾನೋ ನೋಡ್ತೀನಿ" ಅನ್ನುತ್ತಿದ್ದಳು.

ನಾವು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಸಮಾಜದ ಪಾಠಕ್ಕೆ ಹೊಸ ಮೇಷ್ಟ್ರು ಬಂದರು. ತರೀಕೆರೆಯವರು, ಇನ್ನೂ ಎಳೆಯ ವಯಸ್ಸು. ರಜೆಯಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಅರ್ಧವಾರ್ಷಿಕ ಪರೀಕ್ಷೆಗೆ ಮೊದಲು ಒಂದು ದಿನ, "ನಿಮಗೆ ತಿಳಿದದ್ದು ಬರೀ ಪೆನ್ನಿನ ತುದಿಯಿಂದಲೇ ಯಾಕೆ ಬರಬೇಕು? ಈ ಸಲ ಸ್ವಲ್ಪ ಬರೀರಿ, ಸ್ವಲ್ಪ ಮಾಡಿ ತೋರಿಸಿ, ಸ್ವಲ್ಪ ಬಾಯಲ್ಲಿ ಹೇಳಿ" ಅಂದರು. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಗೆಳತಿಯ ಕಡೆ ನೋಡಲೇ ಇಲ್ಲ.

ಮಾಡಿ ತೋರಿಸುವ ಪರೀಕ್ಷೆಗೆ ಇಬ್ಬರೂ ಸೇರಿ ಜೇಡಿಮಣ್ಣಿನಲ್ಲಿ ಬಾಬಾಬುಡನ್ ಬೆಟ್ಟಸಾಲು ಮಾಡಿದೆವು. ಕೆಮ್ಮಣ್ಣುಗುಂಡಿಯ ಗಣಿಗೆ ಅವಳು ಮನೆಯಿಂದ ಕುಂಕುಮ ತಂದು ಉದುರಿಸಿದಳು. ಮೇಷ್ಟ್ರಿಗೆ ತುಂಬಾ ಹಿಡಿಸಿತು.

ಮಾರನೆಯ ದಿನ ಬಾಯಿಪರೀಕ್ಷೆ, ಇಡೀ ಕ್ಲಾಸಿನ ಮುಂದೆ. ನನಗೆ ಮದಗದ ಕೆರೆಯ ನೀರು ಯಾವ ಯಾವ ಕಡೆಗೆ ಹರಿಯುತ್ತದೆಂಬ ಪ್ರಶ್ನೆ ಬಂತು. ನಿಂತಲ್ಲೇ ನದಿಯ ಹಾಗೆ ಹರಿದುಬಿಟ್ಟೆ. ಮೇಷ್ಟ್ರು, "ಭೇಷ್! ಇಷ್ಟು ತಿಳ್ಕೊಂಡವಳು ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ದೆ?" ಅಂದರು. ಜೀವನದಲ್ಲಿ ಮೊದಲ ಸಲ ಒಬ್ಬರು ಮೇಷ್ಟ್ರು ನನ್ನನ್ನು ಜಾಣೆ ಅಂದಿದ್ದರು.

ಆಮೇಲೆ ಅವಳ ಸರದಿ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಯಾಕೆ ಹೋಗುತ್ತದೆ, ಬೆಟ್ಟದಿಂದ ಹೇಗೆ ಇಳಿಯುತ್ತದೆ ಅಂತ ಪ್ರಶ್ನೆ. ಮಣ್ಣಿನ ಬೆಟ್ಟ ಮಾಡುವಾಗ ಅದನ್ನು ನನಗೆ ಹೇಳಿಕೊಟ್ಟವಳೇ ಅವಳು. "ಕ... ಕ..." ಅಂತ ಶುರುಮಾಡಿದಳು. ಶಬ್ದ ಗಂಟಲಲ್ಲೇ ನಿಂತಿತು. ಹುಡುಗರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಅವರನ್ನು ಗದರಿಸಿ, "ನಿಧಾನವಾಗಿ ಹೇಳಮ್ಮ, ಅವಸರ ಇಲ್ಲ" ಅಂದರು. ಅವರು ಮೆತ್ತಗೆ ಅಂದಷ್ಟೂ ಅವಳ ಕುತ್ತಿಗೆಯ ನರ ಬಿಗಿಯುತ್ತಾ ಹೋಯಿತು. ಕೊನೆಗೆ ಅವರೇ, "ಇರಲಿ, ಕೂತ್ಕೋ. ನಿನಗೆ ಗೊತ್ತಿದೆ ಅಂತ ನನಗೆ ಗೊತ್ತು. ಪೂರ್ತಿ ಮಾರ್ಕ್ಸ್ ಹಾಕ್ತೀನಿ" ಅಂದರು.

ಕ್ಲಾಸು ಬಿಟ್ಟ ಮೇಲೆ ಅವಳು ನಲ್ಲಿಯ ಹತ್ತಿರ ಮುಖ ತೊಳೆಯುತ್ತಾ ನಿಂತಿದ್ದಳು. "ಪೂರ್ತಿ ಮಾರ್ಕ್ಸ್ ಬಂತಲ್ಲೇ, ಅಳ್ತೀಯಾ ಯಾಕೆ?" ಅಂದೆ.

"ನಾ... ನಾನು ಹೇಳ್ಲೇ ಇಲ್ಲ ಕಣೇ. ಹೇ... ಹೇಳ್ದೇ ಇದ್ದಿದ್ದಕ್ಕೆ ಮಾರ್ಕ್ಸ್ ಕೊಟ್ರು" ಅಂದಳು.

ಅದಾದ ಮೇಲೆ ಕ್ಲಾಸಿನಲ್ಲಿ ಅವಳ ದನಿ ಕೇಳಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಅಣಕವೂ ನಿಂತುಹೋಯಿತು. ಮೇಷ್ಟ್ರು ಒಂದು ಸಂಜೆ ಮಂಡಿಗೇ ಹೋಗಿ, ಅವಳ ಅಪ್ಪನ ಎದುರಿಗೇ, "ನನ್ನಿಂದ ತಪ್ಪಾಯ್ತಮ್ಮ. ಮುಂದಿನ ಪರೀಕ್ಷೇಲಿ ಯಾರಿಗೆ ಯಾವುದು ಬೇಕೋ ಅದನ್ನೇ ಆರಿಸ್ಕೊಳ್ಳಲಿ" ಅಂದರಂತೆ. ಹಾಗೆಯೇ ಮಾಡಿದರು ಕೂಡ. ನಾನು ಬಾಯಿಪರೀಕ್ಷೆ ಆರಿಸಿಕೊಂಡೆ, ಅವಳು ಬರೆಯುವುದನ್ನು, ಇಬ್ಬರೂ ಚೆನ್ನಾಗಿಯೇ ಪಾಸಾದೆವು. ಆದರೆ ಹೋದ ಮಾತು ಹೋಗಿಯೇ ಬಿಟ್ಟಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಫಸ್ಟ್ ಕ್ಲಾಸ್, ನನಗೆ ಹೇಗೋ ಪಾಸು. ಟೀಚರ್ ಟ್ರೈನಿಂಗಿಗೆ ಅವಳು ಅರ್ಜಿಯನ್ನೇ ಹಾಕಲಿಲ್ಲ. ಅವಳಪ್ಪ ಎಷ್ಟು ಹೇಳಿದರೂ ಕೇಳದೆ ಕಡೂರಿನಲ್ಲಿ ಟೈಪಿಂಗ್ ಕಲಿತಳು. ನಾನು ಟ್ರೈನಿಂಗ್ ಮುಗಿಸಿ ಸಿಂಗಟಗೆರೆ ಕಡೆಯ ಒಂದು ಸ್ಕೂಲಿಗೆ ಮೇಡಂ ಆಗಿ ಹೋದೆ. ಆಗಬೇಕಿದ್ದವಳು ಅವಳು.

ಎಂಬತ್ತರ ದಶಕದ ನಡುವೆ ಒಂದು ದಿನ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಕಾಫಿ ಕುಡಿಯುತ್ತಾ ಕೂತಾಗ ನನ್ನ ಕ್ಲಾಸಿನ ಮಕ್ಕಳಿಗೆ ಎಷ್ಟೆಷ್ಟು ಬಗೆಯ ಪರೀಕ್ಷೆ ಮಾಡುತ್ತೇನೆಂದು ನಾನೇ ಒದರುತ್ತಿದ್ದೆ. ಅವಳು ಲೋಟ ಕೆಳಗಿಟ್ಟಳು.

"ಮೊ... ಮೊದ್ಲೇ ಕೇಳ್ತೀಯಾ? ಯಾವುದು ಬೇಕು ಅಂತ?"

"ಕೇಳ್ತೀನಿ."

"ನ... ನನ್ನೂ ಆವತ್ತು ಹಂಗೆ ಕೇಳಿದ್ರೆ ಸಾಕಿತ್ತು. ಮಾ... ಮಾರ್ಕ್ಸ್ ಬೇಕಾಗಿರ್ಲಿಲ್ಲ."

ಅವಳ ಬಸ್ಸು ಬಂತು, ಹೋದಳು.

ಆ ವರ್ಷವೇ ಬೇಸಿಗೆ ರಜೆಯಲ್ಲಿ ತರೀಕೆರೆಗೆ ಹೋಗಿ ಮೇಷ್ಟ್ರನ್ನು ನೋಡಿದೆ. ಆಗಲೇ ತಲೆ ನರೆತಿತ್ತು. ಅವರ ಆ ಒಂದು ಪರೀಕ್ಷೆಯಿಂದಲೇ ನಾನು ಈ ಕೆಲಸಕ್ಕೆ ಬಂದದ್ದು ಎಂದು ಹೇಳಿ ಕಾಲಿಗೆ ನಮಸ್ಕಾರ ಮಾಡಿದೆ. ಅವರ ಮುಖ ಅರಳಲಿಲ್ಲ.

"ಮಂಡಿಯವರ ಹುಡುಗಿ ಹೆಂಗಿದಾಳೆ?" ಅಂದರು. ಹೇಳಿದೆ. ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಅವಳು ಸ್ಕೂಲು ಮುಗಿಸಿ ಹೋದ ಮೇಲೆ ನಾನು ಅದನ್ನೆಲ್ಲಾ ಬಿಟ್ಟುಬಿಟ್ಟೆ ಕಣಮ್ಮ. ಈಗ ಎಲ್ಲರಿಗೂ ಬರೀ ಬರೆಯೋದು. ಯಾರಿಗೂ ನೋವಿಲ್ಲ."

ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಕುಡಿಯುತ್ತಾ ಕೂತೆ. ಇಷ್ಟು ವರ್ಷ ಅವರ ಕ್ಲಾಸಿನಲ್ಲಿ ಒತ್ತಕ್ಷರ ಕಲಸಿಕೊಂಡು, ತಿಳಿದದ್ದನ್ನು ಯಾರಿಗೂ ಹೇಳಲಾಗದೆ ಎದ್ದುಹೋದ ಮಕ್ಕಳು ಇದ್ದೇ ಇರುತ್ತಾರೆ. ಅದನ್ನು ಅವರಿಗೆ ಹೇಳೋಣವೆಂದು ಬಾಯಿತನಕ ಬಂತು. ಅವರ ಮುಖ ನೋಡಿದ ಮೇಲೆ ಹೇಳಲಾಗಲಿಲ್ಲ.