ಬಟ್ಟಲಿನಲ್ಲಿ ಸತ್ತ ಇರುವೆ

ಗಿರಿಜೆ ಹುಟ್ಟಿ ಐದನೇ ತಿಂಗಳು ನಡೆಯುತ್ತಿತ್ತು. ಸಂಜೆ ಶಾಲೆ ಬಿಟ್ಟು ಮನೆಗೆ ಬಂದು ತೊಟ್ಟಿಲು ನೋಡಿದರೆ ನನ್ನ ಮಗಳ ಗುರುತೇ ನನಗೆ ಸಿಗಲಿಲ್ಲ. ತುಟಿ ಊದಿತ್ತು. ಬಾಯಿ ಸುತ್ತ ಕೆಂಪು. ಅಂಗಿ ಎತ್ತಿದೆ. ಹೊಟ್ಟೆಯ ಮೇಲೆಲ್ಲ ದದ್ದು.

ಅತ್ತೆ ಆಗಲೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು.

"ಅಮ್ಮ ಬಂದಾಳ. ದವಾಖಾನಿ ಅಂತ ಬಾಯಿ ಬಿಡಬ್ಯಾಡ," ಅಂದರು.

ನಾನು ಹರಪನಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಹೆರಿಗೆ ರಜೆ ಮುಗಿದು ಒಂದು ವಾರವಾಗಿತ್ತು. ಬೆಳಗ್ಗೆ ಕುಡಿಸಿ ಹೋಗುತ್ತಿದ್ದೆ, ಬಂದವಳೇ ಕುಡಿಸುತ್ತಿದ್ದೆ. ನಡುವೆ ಮಧ್ಯಾಹ್ನ ಒಂದೇ ಒಂದು ಬಾಟಲಿ, ಡಬ್ಬಿಯ ಹಾಲಿನ ಪುಡಿಯದು. ಆ ಡಬ್ಬಿ ಸಿಗುವುದೇ ಕಷ್ಟ. ಸಿಕ್ಕವರು ಬಂಗಾರ ಸಿಕ್ಕಂತೆ ಆಡುತ್ತಿದ್ದರು. ಅತ್ತೆ ಅದನ್ನು ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿಟ್ಟಿದ್ದರು. ಅದರ ಮೇಲಿನ ದುಂಡು ಮಗುವನ್ನು ಓಣಿಯ ಹೆಂಗಸರೆಲ್ಲ ನೋಡಿ ಹೋಗಿದ್ದರು.

ಮನೆಯಲ್ಲಿ ಅಮ್ಮ, ಅಂದರೆ ಸಿಡುಬಿನ ದೇವಿ, ಇದ್ದಾಗ ಒಗ್ಗರಣೆ ಹಾಕಬಾರದು, ಡಾಕ್ಟರ ಹತ್ತಿರ ಹೋಗಬಾರದು. ನನ್ನ ಗಂಡ ಕೊಟ್ರೇಶ ಸೈಕಲ್ ಅಂಗಡಿಯಿಂದ ಬಂದು ಬಾಗಿಲ ಬೇವು ನೋಡಿ ಕೈಮುಗಿದು ಒಳಗೆ ಬಂದರು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನುಷ್ಯ. "ಅವ್ವಗ ಗೊತ್ತಿರತೈತಿ, ಬಿಡು," ಅಂದರು. ಅತ್ತೆಯ ಮೊದಲ ಮಗ ಹಾಲು ಕುಡಿಯುವ ವಯಸ್ಸಿನಲ್ಲಿ ಅಮ್ಮನಿಂದಲೇ ಹೋಗಿದ್ದ. ಅವರು ಆ ಮಾತು ಎತ್ತಿದರೆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ.

ದದ್ದು ಮರುದಿನ ಬೆಳಗ್ಗೆ ಇರಲಿಲ್ಲ. ಮಧ್ಯಾಹ್ನ ಮತ್ತೆ ಬಂತು. ಅಮ್ಮ ಹೀಗೆ ಬಂದು ಹೋಗಿ ಮಾಡುತ್ತಾಳೆಯೇ ಎಂದು ಕೇಳಿದೆ. "ಆಕಿ ಇಚ್ಛಾ. ಆಕೀಗೂ ಪಾಠ ಹೇಳ್ತಿಯೇನು?" ಅಂದರು ಅತ್ತೆ. ಭಾನುವಾರ ಶಾಲೆ ಇರಲಿಲ್ಲ, ಬಾಟಲಿ ಇರಲಿಲ್ಲ, ದದ್ದೂ ಇರಲಿಲ್ಲ. ದಿನಾ ಮಕ್ಕಳಿಗೆ ಕೂಡುವ ಲೆಕ್ಕ ಹೇಳುವ ನನಗೆ ಈ ಮೂರನ್ನು ಕೂಡಿಸಲು ಬರಲಿಲ್ಲ. ಬೇರೆಯವರ ಮೇಲೆ ಸಿಟ್ಟು ಮಾಡುವ ಮೊದಲು ಇದನ್ನು ಹೇಳಿಬಿಡಬೇಕು.

ಮಂಗಳವಾರ ಮಲದಲ್ಲಿ ರಕ್ತ ಕಂಡಿತು.

ರಜೆ ಹಾಕಿದೆ. ಮನೆಯಲ್ಲೇ ಇದ್ದು ನಾನೇ ಕುಡಿಸೋಣ ಅಂತ ಕೂಸನ್ನು ಎತ್ತಿಕೊಂಡರೆ ಅತ್ತೆ ಕಿತ್ತುಕೊಂಡರು. ನಾನು ಶೇಂಗಾ ಚಟ್ನಿ ತಿಂದಿದ್ದೆನಂತೆ, ಹಾಲು ಉಷ್ಣವಾಗಿದೆಯಂತೆ. "ನಿನ್ನ ಹಾಲು ನಂಜಾಗೈತಿ. ಬೇಕಾದ್ರ ನೋಡೋಣು ಬಾ," ಅಂದರು.

ಹಿತ್ತಾಳೆ ಬಟ್ಟಲು ತಂದರು. ಅದರಲ್ಲಿ ನನ್ನ ಹಾಲು ಹಿಂಡಲು ಹೇಳಿದರು. ಹಿಂಡಿದೆ. ಗೋಡೆಯ ಬುಡದಿಂದ ಒಂದು ಇರುವೆ ಹಿಡಿದು ಅದರಲ್ಲಿ ಬಿಟ್ಟರು. ಇರುವೆ ಬದುಕಿದರೆ ಹಾಲು ಒಳ್ಳೆಯದು, ಸತ್ತರೆ ನಂಜು. ಇದು ನಮ್ಮ ಕಡೆಯ ಹಳೆಯ ಪರೀಕ್ಷೆ. ಗಂಡನೂ ಸೇರಿ ಮೂವರೂ ಬಗ್ಗಿ ನೋಡುತ್ತ ಕೂತೆವು. ಇರುವೆ ಕಾಲು ಬಡಿಯಿತು. ಒಂದು ಸುತ್ತು ತಿರುಗಿತು.

ಸತ್ತಿತು.

ನನ್ನ ಗಂಡ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಗಿರಿಜೆಗೆ ಪೂರ್ತಿ ಬಾಟಲಿ. ಡಬ್ಬಿ ಹಾಲು ತಂಪಂತೆ. ನನ್ನ ಎದೆ ಕಲ್ಲಾಯಿತು, ಜ್ವರ ಬಂತು. ಬಚ್ಚಲಲ್ಲಿ ಕೂತು ಹಾಲು ಹಿಂಡಿ ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದೆ. ಒಳಗೆ ಕೂಸು ಅಳುತ್ತಿತ್ತು. ಹೊರಗೆ ನಾನು ಗಿಡಕ್ಕೆ ಹಾಲೆರೆಯುತ್ತಿದ್ದೆ. ಓದಿದವಳು, ಸಂಬಳ ತರುವವಳು, ಒಂದು ಇರುವೆಯ ಮಾತಿಗೆ ಬಾಯಿ ಮುಚ್ಚಿಕೊಂಡು ಕೂತೆನಲ್ಲ! ಆ ಎರಡು ದಿನದಲ್ಲಿ ಮಗಳು ಕುಡಿದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಕತ್ತಿನ ಹಿಂದೆ, ಮಂಡಿಯ ಸಂದಿಯಲ್ಲಿ ಚರ್ಮ ಕೆರೆದು ನೀರೊಡೆದಿತ್ತು.

ಮೂರನೇ ದಿನ ಡಬ್ಬಿ ಖಾಲಿಯಾಯಿತು. ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊಟ್ರೇಶ ಹುಡುಕಲು ಕೊಟ್ಟೂರಿಗೆ ಹೋದರು, ಮರುದಿನ ಹಡಗಲಿಗೆ ಹೋದರು. ನಾನು ಯಾರನ್ನೂ ಕೇಳದೆ ಸೆರಗು ಹೊದ್ದು ಕೂಸಿಗೆ ಎದೆ ಕೊಟ್ಟೆ. ಅತ್ತೆ ನೋಡಿದರು. ಬೇರೆ ದಾರಿ ಇರಲಿಲ್ಲ, ತಡೆಯಲಿಲ್ಲ. ಎರಡೇ ದಿನಕ್ಕೆ ದದ್ದು ಇಳಿಯಿತು, ವಾಂತಿ ನಿಂತಿತು, ಗಿರಿಜೆ ನಕ್ಕಳು. "ಅಮ್ಮ ತಣ್ಣಗಾದ್ಲು," ಎಂದು ಅತ್ತೆ ಬೇವಿನ ನೀರು ಎರೆದು, ಉಚ್ಚಂಗೆಮ್ಮನಿಗೆ ಹರಕೆ ಕಟ್ಟಿದರು.

ಅಷ್ಟರಲ್ಲಿ ಕೊಟ್ರೇಶ ಹೊಸ ಡಬ್ಬಿ ಹಿಡಿದು ಬಂದರು.

ನಾನು ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಅತ್ತೆ ಕಾಲು ಬಾಟಲಿ ಕುಡಿಸಿದ್ದರು. ನನ್ನ ಕಣ್ಣೆದುರೇ ತುಟಿ ಊದಿತು. ಉಸಿರು ಸುಯ್ ಸುಯ್ ಅನ್ನತೊಡಗಿತು. ಎಂಟು ದಿನ ಕೂಡಿಸಲಾಗದ ಲೆಕ್ಕ ಆ ಗಳಿಗೆಯಲ್ಲಿ ಕೂಡಿತು. ಬಾಟಲಿ ಕಿತ್ತು ಅಂಗಳಕ್ಕೆ ಎಸೆದೆ. ಗಾಜು ಚೂರಾಯಿತು.

"ಅಮ್ಮ ಅಲ್ರೀ ಇದು, ಡಬ್ಬಿ! ನೀವು ಬರ್ರಿ, ಇಲ್ಲಾಂದ್ರ ನಾ ಒಬ್ಬಾಕಿನ ಹೋಗ್ತೀನಿ," ಎಂದು ಗಂಡನ ಮುಂದೆ ಕಿರುಚಿದೆ. ಮದುವೆಯಾದ ಮೇಲೆ ಮೊದಲ ಸಲ.

ಊರಿನ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು ದಾವಣಗೆರೆಗೆ ಕಳಿಸಿದರು. ಸಿಕ್ಕ ಲಾರಿ ಹತ್ತಿ ಹೋದೆವು. ದಾರಿಯುದ್ದಕ್ಕೂ ಅವಳ ಉಸಿರಿಗೆ ಕಿವಿ ಇಟ್ಟು ಕೂತಿದ್ದೆ. ಅಲ್ಲಿಯ ಮಕ್ಕಳ ಡಾಕ್ಟರು ಅಡ್ಮಿಟ್ ಮಾಡಿಕೊಂಡು ಆಕ್ಸಿಜನ್ ಹಾಕಿದರು. ಆಮೇಲೆ ಎಲ್ಲ ಪ್ರಶ್ನೆಯನ್ನೂ ನನ್ನ ಗಂಡನಿಗೇ ಕೇಳಿದರು. ಎಷ್ಟು ಸಲ ಬಾಟಲಿ? ಗೊತ್ತಿಲ್ರಿ. ಕುಡಿದು ಎಷ್ಟು ಹೊತ್ತಿಗೆ ದದ್ದು? ಗೊತ್ತಿಲ್ರಿ. ನನಗೆ ತಡೆಯಲಿಲ್ಲ.

"ಸರ್, ಕೂಸಿನ ತಾಯಿ ಇಲ್ಲೇ ನಿಂತೀನಿ. ನನ್ನ ಕೇಳ್ರಿ."

ಭಾನುವಾರದಿಂದ ಹಿಡಿದು ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ಫಾರ್ಮುಲಾ, ಅಂದ್ರೆ ಡಬ್ಬಿ ಹಾಲಿನ ಅಲರ್ಜಿ ಇರಬಹುದಮ್ಮ. ಇದೇ ಅಂತ ಹೇಳೋ ಟೆಸ್ಟ್ ನಮ್ಮ ಹತ್ರ ಇಲ್ಲ. ಡಬ್ಬಿ ಬಂದ್ ಮಾಡಿ. ಆ ಪುಡಿ ಮಾಡೋದು ಹಸುವಿನ ಹಾಲಿಂದಲೇ, ಅದೂ ಬೇಡ. ನಿಮ್ಮ ಹಾಲೇ ಅವಳಿಗೆ ಔಷಧಿ."

ಇರಬಹುದು. ಅಷ್ಟೇ ನಮಗೆ ಸಿಕ್ಕ ಉತ್ತರ.

ನಾಲ್ಕನೇ ದಿನ ಮನೆಗೆ ಬಂದೆವು. ಕೂಸನ್ನು ಗಂಡನ ಕೈಗೆ ಕೊಟ್ಟು ಮೂರು ಬಟ್ಟಲು ತಂದೆ. ಒಂದರಲ್ಲಿ ನನ್ನ ಹಾಲು, ಒಂದರಲ್ಲಿ ಡಬ್ಬಿ ಹಾಲು, ಒಂದರಲ್ಲಿ ಕುಡಿಯುವ ನೀರು. ಅತ್ತೆಯನ್ನು ಕರೆದು ಎದುರಿಗೆ ಕೂರಿಸಿದೆ. ಒಂದೊಂದರಲ್ಲಿ ಒಂದೊಂದು ಇರುವೆ ಬಿಟ್ಟೆ.

ಮೂರೂ ಸತ್ತವು.

"ನೀರೂ ನಂಜೇನ್ರಿ ಅತ್ತಿ? ಹೇಳ್ರಿ ಈಗ!" ಅಂದೆ. ಇನ್ನೂ ಬೇಕಾದಷ್ಟು ಬೈಗುಳ ನಾಲಿಗೆ ತುದಿಯಲ್ಲಿತ್ತು. ದಾವಣಗೆರೆಯಿಂದ ಒಂದೊಂದೇ ಜೋಡಿಸಿಕೊಂಡು ಬಂದಿದ್ದೆ.

ಅತ್ತೆ ನೀರಿನ ಬಟ್ಟಲನ್ನೇ ನೋಡುತ್ತಿದ್ದರು.

"ನನ್ನ ಹಾಲಿಗೂ ಹಿಂಗ ಬಿಟ್ಟಿದ್ರವ್ವಾ," ಅಂದರು. "ನನ್ನ ಹಿರೇ ಮಗಗ ಮೈಯೆಲ್ಲ ಅಮ್ಮ ಎದ್ದಾಗ. ನನ್ನತ್ತಿ ಬಿಟ್ಟಿದ್ಲು. ಇರಿವಿ ಸತ್ತಿತ್ತು. ನನ್ನ ಎದಿ ಬಿಡಿಸಿದ್ರು. ಅಳುತಲೇ ಹೋದ. ಇಲ್ಲೀತನಕ ನನ್ನ ಹಾಲ ಕೊಂದೈತಿ ಅವನ್ನ ಅಂತ ಇದ್ದೆ."

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಕೊಟ್ರೇಶ ಕೂಸನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು. ನಾನೇ ಮೂರು ಬಟ್ಟಲೂ ತೊಳೆದಿಟ್ಟೆ.

ಇದೆಲ್ಲ ಆಗಿ ಎರಡು ತಿಂಗಳಾಗಿದೆ. ಗಿರಿಜೆಗೆ ಈಗ ರಾಗಿ ಗಂಜಿ ಮತ್ತು ನನ್ನ ಹಾಲು. ವರ್ಷ ತುಂಬಿದ ಮೇಲೆ ಡಾಕ್ಟರು ಅವರೆದುರಿಗೇ ಒಂದು ಚಮಚ ಹಸುವಿನ ಹಾಲು ಕುಡಿಸಿ ನೋಡುತ್ತಾರಂತೆ. ಆ ದಿನದ ಭಯ ಈಗಲೇ ಇದೆ. ಸಿಟ್ಟೂ ಇದೆ. ಯಾರ ಮೇಲೆ ಅಂದರೆ ಮೊದಲಿನ ಹಾಗೆ ಬೆರಳು ತೋರಿಸಲು ಬರುವುದಿಲ್ಲ. ಮಗಳು ಉಳಿದಳು, ಅದು ದೊಡ್ಡದು.

ಮಧ್ಯಾಹ್ನದ ಹಾಲಿಗೆ ಅತ್ತೆಯೇ ಕೂಸನ್ನು ಹೊತ್ತು ಶಾಲೆಗೆ ಬರುತ್ತಾರೆ. ಮೊದಲ ದಿನ ಹೆಡ್ ಮಾಸ್ತರರು ಗೇಟಿನಲ್ಲೇ ತಡೆದು, ಇದೇನು ಶಾಲೆಯೋ ಬಾಣಂತಿ ಕೋಣೆಯೋ ಎಂದರಂತೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ನನಗೆ ಕ್ಲಾಸಿನ ಕಿಟಕಿಯಿಂದ ಕಂಡಿತು, ದನಿ ಇಡೀ ಶಾಲೆಗೆ ಕೇಳಿಸಿತು.

"ಕೂಸಿಗೆ ಹಸಿವಿ ಆಗೈತ್ರಿ ಮಾಸ್ತರ. ಗಂಟಿ ಹೊಡೀರಿ."