ನಾನಿದ್ದಾಗ ಕೆಡದ ಕಂಪ್ಯೂಟರ್

2023ರ ಬೇಸಿಗೆ. ಪತ್ರಿಕೆಯೊಂದರ ಸಿಸ್ಟಮ್ಸ್ ವಿಭಾಗದಿಂದ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಬಸವನ ಬಾಗೇವಾಡಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು, ಇಂಡಿ, ಸಿಂದಗಿ, ಮುದ್ದೇಬಿಹಾಳದವರೆಗೆ ಬಸ್ಸಿನಲ್ಲಿ ತಿರುಗಿ ಮನೆಮನೆಯ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಪತ್ರಿಕೆಯಲ್ಲಿ ಕಲಿತ ಶಿಸ್ತು ಈ ಕೆಲಸಕ್ಕೂ ಬಂದಿತ್ತು. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬಾರದು. ಆ ಶಿಸ್ತಿಗೂ ಒಂದು ಮಿತಿಯಿದೆ ಎಂದು ತಿಳಿದದ್ದು ಮುದ್ದೇಬಿಹಾಳದ ದಸ್ತಗೀರ್ ಮಾಸ್ತರರ ಮನೆಯಲ್ಲಿ.

ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅವರು ಫೋನಿನಲ್ಲಿ ಹೇಳಿದ ದೂರು ನನಗೆ ಹೊಸದು. ಮನೆಯ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ನೋಡ್ ನಡೆಸುತ್ತಿದ್ದರು. ಅದು ಪದೇಪದೇ ಬೀಳುತ್ತಿತ್ತು.

ನೋಡ್ ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಟ್‌ಕಾಯಿನ್ ವ್ಯವಹಾರಗಳ ದಾಖಲೆಯನ್ನು ಒಂದು ಕಚೇರಿ ಕಾಯುವುದಿಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಮೊದಲ ದಿನದಿಂದ ಇಂದಿನವರೆಗಿನ ಪೂರ್ತಿ ಪ್ರತಿಯನ್ನು ಇಟ್ಟುಕೊಂಡು, ಹೊಸದಾಗಿ ಸೇರುವ ಪ್ರತಿ ಪುಟವನ್ನೂ ನಿಯಮದಂತೆ ತಾವೇ ಪರೀಕ್ಷಿಸುತ್ತವೆ. ಅಂಥ ಒಂದೊಂದು ಕಂಪ್ಯೂಟರೂ ಒಂದು ನೋಡ್. ಇದರಿಂದ ಗಳಿಕೆಯೇನೂ ಇಲ್ಲ. ಮಾಸ್ತರರ ಬಳಿ ಒಂದು ನಾಣ್ಯವೂ ಇರಲಿಲ್ಲ.

"ಮತ್ತ ಯಾಕ್ ಬೇಕ್ರಿ ಸರ ಇದು?" ಎಂದು ಮೊದಲ ಭೇಟಿಯಲ್ಲೇ ಕೇಳಿದೆ.

"ಇಂಡಿ ಹತ್ತರದ ಸಾಲೋಟಗಿ ಶಾಸನ ನೋಡೀರಿಲ್ಲೋ ಕುಲಕರ್ಣಿಯವರ? ಅದನ್ನ ಕೆತ್ತಿಸಿದಾವ ಹ್ವಾದ, ಕೆತ್ತಿದಾವನೂ ಹ್ವಾದ. ಕಲ್ಲು ನಿಂತೈತಿ. ಹಂಗ ಒಂದು ಕಲ್ಲು ನನ್ನ ಮನ್ಯಾಗೂ ಇರ್ಲಿ ಅಂತ."

ಅವರ ಹೆಂಡತಿ ಜೈತೂನ್‌ಬಿ ಮಂಚದ ಮೇಲೆ ಕೌದಿ ಹಾಸಿ ನನ್ನನ್ನು ಕೂರಿಸಿ ಚಹಾ ತಂದರು. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿದ ದಪ್ಪ ಕೌದಿ. ಮಾಸ್ತರರ ಶಾಲೆಯ ಬಿಳಿ ಅಂಗಿಗಳೂ ಅವರದೇ ಸೀರೆಗಳೂ ಅದರಲ್ಲಿ ಚೌಕಚೌಕವಾಗಿ ಕೂತಿದ್ದವು. ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಆಗುವುದೇ ಇದು.

ಕಂಪ್ಯೂಟರಿನ ಲಕ್ಷಣ ಸ್ಪಷ್ಟವಾಗಿತ್ತು. ನಡುವೆ ಒಮ್ಮೆಲೇ ಆರುತ್ತಿತ್ತು. ಮತ್ತೆ ಚಾಲೂ ಮಾಡಿದರೆ, ಡೇಟಾಬೇಸ್ ಕೆಟ್ಟಿದೆ, ಇಂಡೆಕ್ಸ್ ಮತ್ತೆ ಕಟ್ಟಬೇಕು ಎಂಬ ಸಂದೇಶ ಬರುತ್ತಿತ್ತು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಹೀಗಾಗುವುದುಂಟು. ಡಿಸ್ಕಿನಲ್ಲಿದ್ದ ಐನೂರು ಜಿಬಿಗೂ ಮಿಕ್ಕಿದ ದಾಖಲೆಯನ್ನು ಕಂಪ್ಯೂಟರ್ ಮತ್ತೆ ಮೊದಲಿನಿಂದ ಓದಬೇಕು. ಮಾಸ್ತರರ ನೋಡ್ ಇಂದಿನ ಪುಟವನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಯುಪಿಎಸ್ ಬ್ಯಾಟರಿ ಸೋತಿತ್ತು, ಬದಲಿಸಿದೆ. ಮೂರು ತಾಸು ಎದುರಿಗೇ ಕೂತೆ. ಪ್ರೊಸೆಸರಿನ ಉಷ್ಣತೆ 68 ಡಿಗ್ರಿ. ಅಷ್ಟು ಕೆಲಸಕ್ಕೆ ಅದು ಸಹಜ. ಎಲ್ಲ ಸರಿಯಿದೆಯೆಂದು ಹೊರಟೆ. ಮರುದಿನವೇ ಫೋನ್ ಬಂತು: "ಮತ್ತ ಬಿತ್ತ್ರಿ."

ಎರಡನೇ ಸಲ ರ‍್ಯಾಮ್ ಪರೀಕ್ಷಿಸಿದೆ, ಎಸ್‌ಎಸ್‌ಡಿ ನೋಡಿದೆ, ನೋಡ್ ಬಳಸುವ ಮೆಮೊರಿಯ ಮಿತಿಯನ್ನು ಸೆಟ್ಟಿಂಗಿನಲ್ಲಿ ಇಳಿಸಿದೆ. ಅದೇ ಮಂಚ, ಅದೇ ಕೌದಿ, ಅದೇ ಚಹಾ. ಕಂಪ್ಯೂಟರ್ ಒಂದು ಸಲವೂ ತಪ್ಪಲಿಲ್ಲ.

"ನಿಮ್ಮ ಮಾರಿ ನೋಡಿದ್ರ ಶಾಣ್ಯಾ ಆಗ್ತೈತಿ," ಎಂದರು ಮಾಸ್ತರರು. "ನಮ್ಮ ಸಾಲ್ಯಾಗ ಇನ್ಸ್‌ಪೆಕ್ಟರ್ ಬಂದಾಗ ಹುಡುಗೂರು ಆಗ್ತಿದ್ವಲ್ಲ, ಹಂಗ."

ನಗುತ್ತ ಹೇಳಿದರೂ ಮುಖ ಸೋತಿತ್ತು. "ಇನ್ನೊಮ್ಮೆ ಬಿದ್ದರ ಸಾಕು ಮಾಡ್ತೇನಿ. ನೀವ ಒಯ್ದು ಯಾರಿಗಾರೆ ಕೊಟ್ಟಬಿಡ್ರಿ," ಎಂದರು.

ಜೈತೂನ್‌ಬಿ ಬಾಗಿಲತನಕ ಬಂದು ದನಿ ತಗ್ಗಿಸಿದರು. "ಅದನ್ನ ಒಯ್ಯಬ್ಯಾಡ್ರಿ ಅಣ್ಣಾರ. ರಿಟೈರ್ ಆದಮ್ಯಾಲ ಇವರು ಗೋಡಿ ನೋಡ್ಕೋತ ಕುಂತಬಿಟ್ಟಿದ್ರು. ಕರದರೂ ಹೂಂ ಅಂತಿದ್ದಿಲ್ಲ. ಅದು ಬಂದಮ್ಯಾಲ ಮಾತಾಡಾಕತ್ತಾರ. ನನಗ ತಿಳಿಯೂದಿಲ್ಲ, ಆದ್ರೂ ಕೇಳ್ತೇನಿ."

ನಾನು ದುರಸ್ತಿಗೆ ಹೋದದ್ದು ಬರೀ ಕಂಪ್ಯೂಟರಿಗಲ್ಲ ಎಂಬುದು ಆಗ ತಿಳಿಯಿತು. ಹತ್ತು ದಿನದಲ್ಲಿ ಅದು ಮತ್ತೆ ಬಿತ್ತು.

ಇದೊಂದು ಸಲ ನೋಡೋಣವೆಂದು ಮಾಸ್ತರರನ್ನು ಒಪ್ಪಿಸಿ, ಮೂರನೇ ಭೇಟಿಗೆ ಬೇರೊಂದು ಪವರ್ ಸಪ್ಲೈ ಒಯ್ದು ಜೋಡಿಸಿದೆ. ಎಂದಿನಂತೆ ಎಲ್ಲ ಸುಸೂತ್ರ. ಮಾಸ್ತರರು ಮಧ್ಯಾಹ್ನದ ನಮಾಜಿಗೆಂದು ಮಸೀದಿಗೆ ಹೊರಟರು. ಅವರ ಜೊತೆಯಲ್ಲೇ ನಾನೂ ಎದ್ದೆ. ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆ ಚೀಲ ನೋಡಿದರೆ ಮಲ್ಟಿಮೀಟರ್ ಇಲ್ಲ. ಬಾಗೇವಾಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ತಿರುಗಿ ಹೋದೆ.

ಬಾಗಿಲು ತೆರೆದಿತ್ತು. ಮಂಚದ ಮೇಲೆ ಕೌದಿ ಇರಲಿಲ್ಲ. ಅದು ಕಂಪ್ಯೂಟರಿನ ಮೇಲಿತ್ತು. ಮಾನಿಟರು, ಕೆಳಗಿನ ಸಿಪಿಯು ಡಬ್ಬಿ ಎಲ್ಲವನ್ನೂ ಸೇರಿಸಿ, ಅಂಚುಗಳನ್ನು ಸುತ್ತಲೂ ಸಿಕ್ಕಿಸಿ, ಮಗುವಿಗೆ ಹೊದಿಸಿದಂತೆ ಹೊದಿಸಿದ್ದರು. ಒಳಗೆ ಫ್ಯಾನ್ ಏದುತ್ತಿತ್ತು. ಕೌದಿ ಸರಿಸಿ ಡಬ್ಬಿಯ ಮೇಲೆ ಅಂಗೈ ಇಟ್ಟೆ. ಹೆಚ್ಚು ಹೊತ್ತು ಇಡಲಾಗಲಿಲ್ಲ. ಪರದೆಯ ಮೇಲೆ ಉಷ್ಣತೆ 97 ಡಿಗ್ರಿ. ನೂರರ ಆಚೀಚೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಬಿಡುತ್ತದೆ.

ಈ ಸೀಮೆಯ ಧೂಳು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆ ಮನೆಯಲ್ಲಿ ಟಿವಿಗೂ ಮಿಕ್ಸರಿಗೂ ಹೊಲಿಗೆ ಯಂತ್ರಕ್ಕೂ ಹೊದಿಕೆಯಿತ್ತು. ಮಾಸ್ತರರು ಎದ್ದುಹೋದೊಡನೆ ಜೈತೂನ್‌ಬಿ ಹೊದಿಸುತ್ತಿದ್ದರು. ಬಂದೊಡನೆ ಅವರು ತೆಗೆಯುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದೆ ಎಂದು ಯಾರೂ ವರದಿ ಮಾಡುವುದಿಲ್ಲ, ಇದೂ ಹಾಗೆಯೇ. ಇನ್ನು ನಾನು ಬಂದಾಗಲೆಲ್ಲ ಅದೇ ಕೌದಿಯನ್ನು ಕಂಪ್ಯೂಟರಿನ ಮೇಲಿಂದ ತೆಗೆದು ನನಗೆ ಹಾಸುತ್ತಿದ್ದರು. ಮೂರು ಭೇಟಿಯಲ್ಲೂ ನಾನು ಹುಡುಕುತ್ತಿದ್ದ ಕಾರಣದ ಮೇಲೆಯೇ ಕೂತು ಚಹಾ ಕುಡಿದಿದ್ದೆ.

ಹೇಳದೆ ಹೋಗಬಹುದಿತ್ತು, ಕೌದಿ ಬೇಡವೆಂದಷ್ಟೇ ಹೇಳಿ ನಾಜೂಕಾಗಿ ಜಾರಿಕೊಳ್ಳಬಹುದಿತ್ತು. ಆದರೆ ತಪ್ಪೊಪ್ಪನ್ನು ಸಂಬಂಧಪಟ್ಟವರ ಎದುರಿಗೇ ಹೇಳುವುದು ಪತ್ರಿಕೆಯ ರೂಢಿ. ಮಾಸ್ತರರು ಬರುವತನಕ ಕಾದು, ಇಬ್ಬರಿಗೂ ಒಟ್ಟಿಗೆ ಹೇಳಿದೆ.

ಜೈತೂನ್‌ಬಿ ಕೌದಿಯ ಅಂಚು ಹಿಡಿದು ನಿಂತೇ ಇದ್ದರು. "ಅಂದ್ರ ಇಷ್ಟ ದಿನಾ ಅದರ ಉಸರ ಕಟ್ಟಿದಾಕಿ ನಾನs ಏನ್ರಿ?"

"ಈ ಬಿಸಲಾಗ ಅದಕ್ಕ ಥಂಡಿ ಆಗ್ತಿತ್ತೇನs?" ಎಂದರು ಮಾಸ್ತರರು.

"ನಗಬ್ಯಾಡ್ರಿ. ನಾ ಹೊಚ್ಚತಿದ್ದೆ, ನೀವು ದಿನಾ ತಗದು ಮೂಲ್ಯಾಗ ಒಗೀತಿದ್ರಿ. ಒಂದ್ ದಿನಾರೆ ಬ್ಯಾಡ ಅಂದ್ರೇನು?"

"ಅದೂ ಖರೇನ," ಎಂದರು ಮಾಸ್ತರರು. "ನೀ ಹೊಚ್ಚಿದ್ದು ಬ್ಯಾಡ ಅಂತ ನಾ ಯಾವಾಗ ಅಂದೇನಿ?"

ಆಕೆ ಕೌದಿಯನ್ನು ಮಂಚದ ಮೇಲಿಟ್ಟರು. ನನ್ನ ಕಡೆ ತಿರುಗಿ, "ಗಾಳಿ ಎಲ್ಲಿಂದ ಎಳೀತೈತಿ, ಎಲ್ಲಿಂದ ಬಿಡ್ತೈತಿ, ತೋರಸ್ರಿ," ಎಂದರು.

ಮುಂದಿನಿಂದ ಎಳೆಯುವುದನ್ನೂ ಹಿಂದಿನಿಂದ ಬಿಡುವುದನ್ನೂ ತೋರಿಸಿದೆ. ಆಕೆ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಕತ್ತರಿಸಿ, ಅಂಚಿಗೆ ಕೌದಿ ಹೊಲಿದು ಉಳಿದಿದ್ದ ಬಿಳಿ ಅಂಗಿಯ ಪಟ್ಟಿ ಕೊಟ್ಟು, ಎಲಾಸ್ಟಿಕ್ ಸೇರಿಸಿ ಹೊಲಿದರು. ಮುಂದಿನ ಜಾಲರಿಗೆ ಅದನ್ನು ತೊಡಿಸಿ ಅರ್ಧ ತಾಸು ನಡೆಸಿದೆ. ಉಷ್ಣತೆ ಎಪ್ಪತ್ತನ್ನು ದಾಟಲಿಲ್ಲ. ಧೂಳು ಹೊರಗೆ, ಗಾಳಿ ಒಳಗೆ. ವಾರಕ್ಕೊಮ್ಮೆ ಬಿಚ್ಚಿ ಒಗೆಯಬೇಕು ಎಂದೆ.

"ಇವರ ಅಂಗಿ ಜೋಡಿ ಒಗೀತೇನಿ ಬಿಡ್ರಿ," ಎಂದರು.

ಇಂಡೆಕ್ಸ್ ಮತ್ತೆ ಮೊದಲಿನಿಂದ ಕಟ್ಟತೊಡಗಿತು. ಕೆಲವು ದಿನಗಳ ಮೇಲೆ ಅಂಗಡಿಗೆ ಫೋನ್ ಬಂತು. ಮಾತಾಡಿದವರು ಜೈತೂನ್‌ಬಿ. "ಇವತ್ತಿನ ಪುಟಕ್ಕ ಮುಟ್ಟೇತಂತ್ರಿ ಅಣ್ಣಾರ. ಮುಂಜಾನಿಂದ ಓಣ್ಯಾಗ ಸಿಕ್ಕವರಿಗೆಲ್ಲಾ ಹೇಳಾಕತ್ತಾರ. ಯಾರಿಗೂ ತಿಳಿವಲ್ದು. ಆದರೂ ಬಿಡವಲ್ಲರು."

ಹಿಂದಿನಿಂದ ಮಾಸ್ತರರ ದನಿಯೂ ಕೇಳುತ್ತಿತ್ತು. ಸಾಲೋಟಗಿ ಎಂಬ ಮಾತು ಎರಡು ಸಲ ಬಂತು.

ಕೆಟ್ಟ ಕಂಪ್ಯೂಟರಿಗೆ ತಾನು ಕೆಟ್ಟ ಹೊತ್ತಿನಲ್ಲಿ ಸುತ್ತ ಏನಿತ್ತು ಎಂದು ಹೇಳಲು ಬಾಯಿಲ್ಲ. ಮನೆಯವರೋ ನಮ್ಮ ಕಡೆಯವರು. ನಾವು ಬರುವ ಮುಂಚೆಯೇ ಎಲ್ಲ ಒಪ್ಪವಾಗಿಡುತ್ತಾರೆ. ಹಾಗಾಗಿ ಈಗ ಯಾರ ಮನೆಗೆ ಹೋದರೂ ಕೂಡಲೇ ಸ್ಕ್ರೂ ಡ್ರೈವರ್ ತೆಗೆಯುವುದಿಲ್ಲ, ಕೂತುಬಿಡುವುದೂ ಇಲ್ಲ. ನನಗಾಗಿ ಏನನ್ನು ಎಲ್ಲಿಂದ ಎತ್ತಿ ಇಲ್ಲಿ ಹಾಸಿದರು ಎಂದು ಮೊದಲು ನೋಡುತ್ತೇನೆ.