ಮನಿಯವ್ರ ಪಾಳಿ

ನಮ್ಮ ನಾಹಿದಗೆ ಸಿಟ್ಟು ಮೂಗಿನ ತುದಿಯಲ್ಲೇ. ೨೦೦೯ರಲ್ಲಿ ಜತ್ತದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತ, ತಾಲೂಕಿನ ಬಸ್ ವೇಳೆ ತೋರಿಸುವ ವೆಬ್‌ಸೈಟನ್ನು ಪಿಎಚ್‌ಪಿ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನಲ್ಲಿ ಕಟ್ಟುತ್ತಿದ್ದಳು. ಸೋನ್ಯಾಳ, ಕರಜಗಿ ಎಂದು ಒತ್ತಿದರೆ ಆಯಾ ಊರಿನ ಪುಟ ಬರುತ್ತಿತ್ತು. 'ಸಂಪರ್ಕ' ಒತ್ತಿದರೆ ಮಾತ್ರ 'ಈ ಹೆಸರಿನ ಊರಿಲ್ಲ' ಅನ್ನುತ್ತಿತ್ತು. 'ಲಾಗಿನ್' ಒತ್ತಿದರೂ ಅದೇ ಹಾಡು. ಕೀಬೋರ್ಡು ಕುಟ್ಟಿ ಮನೆಗೆ ಬಂದಳು.

ಮನೆಯಲ್ಲಿ ದಾವತ್. ತಾಯಿ ಜುಬೇದಾ ಬಂದವರಿಗೆ ಬಡಿಸುತ್ತಿದ್ದರು.

"ಅಮ್ಮಾ, ನನಗ ಭಾಳ ಹಸಿವಾಗೇದ."

"ಯಾರ ಬಂದ್ರೂ ಅವ್ರು ಮೊದಲ. ಮನಿಯವ್ರು ಕಡೀಕ. ಗೊತ್ತಿಲ್ಲೇನ?"

ನಾಹಿದಗೆ ತಟ್ಟನೆ ತನ್ನ ತಪ್ಪು ಹೊಳೆಯಿತು. ಯಾವ ವಿಳಾಸಕ್ಕೆ ಯಾವ ಪುಟ ಎಂದು ಬರೆದಿಡುವ ರೂಟ್ ಫೈಲಿನಲ್ಲೂ ಅವಳು ಅದೇ ಪದ್ಧತಿ ಪಾಲಿಸಿದ್ದಳು. 'ಯಾವ ಹೆಸರು ಬಂದರೂ ಊರಿನ ಪುಟಕ್ಕೆ ಕಳಿಸು' ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದ್ದಳು. ಫ್ರೇಮ್‌ವರ್ಕು ಮೇಲಿನಿಂದ ಓದುತ್ತ ಬಂದು, ಹೊಂದಿದ ಮೊದಲ ಸಾಲಿಗೇ ನಿಂತುಬಿಡುತ್ತದೆ. ಮನೆಯವರಂತೆ ಕೆಳಗೆ ಕಾದಿದ್ದ ಸಂಪರ್ಕ, ಲಾಗಿನ್‌ಗಳಿಗೆ ಪಾಳಿಯೇ ಬರುತ್ತಿರಲಿಲ್ಲ.

ಮರುದಿನ ಆ ಸಾಲನ್ನು ಕೊನೆಗೆ ಇಳಿಸಿದಳು. ಎಲ್ಲ ಪುಟಗಳೂ ತೆರೆದವು. ಎದೆ ಹಗುರಾಗಿ, ಕೂಡಲೇ ಮನೆಗೆ ಫೋನ್ ಹಚ್ಚಿದಳು:

"ಅಮ್ಮಾ, ಇಲ್ಲಿ ಮನಿಯವ್ರದು ಊಟ ಆತು. ಇನ್ನ ಯಾರ ಬೇಕಾದ್ರೂ ಬರ್ಲಿ!"